ಎಳೆಯ ಬರಹಗಾರನಿಗೆ ಹಿರಿಯರ ಪತ್ರ: ರಿಲ್ಕೆ ತೋರಿಸಿದ ದಾರಿ

ಹದಿಹರೆಯದಲ್ಲಿ ಗುಟ್ಟಾಗಿ ಕತೆ, ಕವಿತೆ ಬರೆಯುವ ಮಕ್ಕಳು ಎಲ್ಲ ಊರುಗಳಲ್ಲೂ ಇದ್ದಾರೆ. ಬರೆದದ್ದನ್ನು ಮನೆಯಲ್ಲಿ ತೋರಿಸಲು ನಾಚಿಕೆ, ಗೆಳೆಯರಿಗೆ ತೋರಿಸಿದರೆ ಗೇಲಿ. ಇಂಥವರಿಗೆ ದೂರದ ಹಿರಿಯರೊಬ್ಬರು ಪತ್ರದ ಮೂಲಕ ಓದುಗರಾಗಿ ಸಿಕ್ಕರೆ ಏನಾಗಬಹುದು ಎಂಬುದಕ್ಕೆ ಜರ್ಮನ್ ಭಾಷೆಯ ಕವಿ ರೈನರ್ ಮಾರಿಯಾ ರಿಲ್ಕೆ ಅವರ ಪತ್ರಗಳು ಒಳ್ಳೆಯ ಉದಾಹರಣೆ.

ಪತ್ರ ಶುರುವಾದದ್ದು ಹೀಗೆ

1902ರಲ್ಲಿ ಫ್ರಾನ್ಸ್ ಕ್ಸಾವರ್ ಕಾಪ್ಪುಸ್ ಆಸ್ಟ್ರಿಯಾದ ಸೈನಿಕ ಅಕಾಡೆಮಿಯೊಂದರ ವಿದ್ಯಾರ್ಥಿ. ವಯಸ್ಸು 19. ಮುಂದೆ ಹಿಡಿಯಬೇಕಾದ ಸೇನೆಯ ಕೆಲಸ ಮನಸ್ಸಿಗೆ ಒಗ್ಗಿರಲಿಲ್ಲ. ರಿಲ್ಕೆಯವರೂ ಹಿಂದೆ ಸೈನಿಕ ಶಾಲೆಯಲ್ಲಿದ್ದವರು ಎಂದು ಅಲ್ಲಿನ ಪಾದ್ರಿಯಿಂದ ತಿಳಿದಾಗ, ತನ್ನ ಕವಿತೆಗಳನ್ನು ಅವರಿಗೆ ಕಳುಹಿಸಿ ಅಭಿಪ್ರಾಯ ಕೇಳಿದ. ಆಗ ರಿಲ್ಕೆಯವರಿಗೂ ಬರೀ 27 ವರ್ಷ. ಕೆಲವು ವಾರಗಳ ನಂತರ ಪ್ಯಾರಿಸ್‌ನಿಂದ ಉತ್ತರ ಬಂತು. ಅದರ ದಿನಾಂಕ 1903ರ ಫೆಬ್ರವರಿ 17.

ಹೊಗಳಲಿಲ್ಲ, ತಿದ್ದಲೂ ಇಲ್ಲ

ಕವಿತೆಗಳಲ್ಲಿ ಇನ್ನೂ ಸ್ವಂತ ಶೈಲಿ ಇಲ್ಲ ಎಂದು ರಿಲ್ಕೆ ನೇರವಾಗಿ ತಿಳಿಸಿದರು. ಜೊತೆಗೆ, ಕೊನೆಯ ಕವಿತೆಯಲ್ಲಿ ಸ್ವಂತದ್ದೇನೋ ಮೊಳೆಯುತ್ತಿದೆ ಎಂದು ಗುರುತಿಸಿದರು. ಪತ್ರಿಕೆಗಳಿಗೆ ಕಳುಹಿಸಿ ಇತರರೊಡನೆ ಹೋಲಿಸಿಕೊಳ್ಳುವುದನ್ನು ಬಿಟ್ಟು, ಬರೆಯಲೇಬೇಕೆಂಬ ತುಡಿತ ಒಳಗಿದೆಯೇ ಎಂದು ತನ್ನನ್ನೇ ಕೇಳಿಕೊಳ್ಳುವಂತೆ ಸೂಚಿಸಿದರು. ಪ್ರೇಮಕವಿತೆಗಿಂತ ಮೊದಲು ದಿನನಿತ್ಯದ ಬದುಕು, ಬಾಲ್ಯದ ನೆನಪುಗಳ ಕಡೆ ನೋಡಬೇಕೆಂಬುದು ಅವರ ಸಲಹೆ. ಮುಂದಿನ ಪತ್ರದಲ್ಲಿ ಓದಬೇಕಾದ ಪುಸ್ತಕಗಳನ್ನು ಹೇಳಿದರು. 1904ರಲ್ಲಿ ಕಾಪ್ಪುಸ್‌ನ ಸಾನೆಟ್ ಒಂದನ್ನು ತಮ್ಮ ಕೈಯಾರೆ ನಕಲು ಮಾಡಿ ಅವನಿಗೇ ಕಳುಹಿಸಿದರು. ತನ್ನ ಕವಿತೆಯನ್ನು ಬೇರೆಯವರ ಕೈಬರಹದಲ್ಲಿ ಕಂಡಾಗ ಅದು ಹೊಸದಾಗಿ ಕಾಣುತ್ತದೆ ಎಂಬುದು ಅವರ ಎಣಿಕೆ.

1908ರವರೆಗಿನ ಹತ್ತು ಪತ್ರಗಳು, ರಿಲ್ಕೆ ತೀರಿಕೊಂಡ ಮೂರು ವರ್ಷಗಳ ನಂತರ, 1929ರಲ್ಲಿ ಪುಸ್ತಕವಾದವು. ಕಾಪ್ಪುಸ್ ದೊಡ್ಡ ಕವಿಯಾಗಲಿಲ್ಲ. ಸೇನೆಯಲ್ಲಿ ದುಡಿದು, ಪತ್ರಕರ್ತರಾಗಿ, ಕಾದಂಬರಿಗಳನ್ನು ಬರೆದರು. ಹಾಗೆಂದು ಆ ಪತ್ರಗಳು ವ್ಯರ್ಥವಾದವೆನ್ನಲು ಸಾಧ್ಯವೇ? ಕಷ್ಟದ ವಯಸ್ಸಿನಲ್ಲಿ ಒಬ್ಬ ಹುಡುಗನ ಮಾತಿಗೆ ಕಿವಿಗೊಟ್ಟವರು ಇದ್ದರು.

ನಾವೂ ಮಾಡಬಹುದು

ಕಾಸರಗೋಡು, ತಾಳವಾಡಿ, ಅಕ್ಕಲಕೋಟೆಯಂಥ ಗಡಿನಾಡಿನಲ್ಲಿ ಕನ್ನಡದಲ್ಲಿ ಬರೆಯುವ ಮಕ್ಕಳಿಗೆ ಶಾಲೆಯ ಹೊರಗೆ ಕನ್ನಡದ ಓದುಗರು ಸಿಗುವುದೇ ಕಷ್ಟ. ನಿವೃತ್ತ ಅಧ್ಯಾಪಕರು, ಓದುವ ಹವ್ಯಾಸವಿರುವವರು ಒಂದೊಂದು ಮಗುವಿಗೆ ತಿಂಗಳಿಗೊಂದು ಪತ್ರ ಬರೆದರೂ ಸಾಕು. ಕೆಲವು ವಿಷಯ ನೆನಪಿರಲಿ:

* ಇಷ್ಟವಾದ ಸಾಲು ಯಾವುದು, ಏಕೆ ಎಂದು ನಿರ್ದಿಷ್ಟವಾಗಿ ಹೇಳಿ. ಬರೇ "ಚೆನ್ನಾಗಿದೆ" ಎಂದರೆ ಮಗುವಿಗೆ ಏನೂ ತಿಳಿಯದು.
* ನೀವೇ ತಿದ್ದಿ ಬರೆಯಬೇಡಿ. "ಇಲ್ಲಿ ಅಜ್ಜಿ ಏನು ಹೇಳಿದರು?" ಎಂಬಂಥ ಪ್ರಶ್ನೆ ಕೇಳಿ.
* ಮನೆಮಾತಿನ ಪದಗಳನ್ನು ತಪ್ಪೆಂದು ಹೊಡೆದುಹಾಕಬೇಡಿ.
* ಪತ್ರಗಳು ಶಾಲೆಯ ಮೂಲಕ, ಹೆತ್ತವರಿಗೆ ತಿಳಿದೇ ಹೋಗಿಬರಲಿ. ಮಕ್ಕಳ ಸುರಕ್ಷತೆಗೆ ಇದು ಅಗತ್ಯ.
* ಒಪ್ಪಿಕೊಂಡ ಮೇಲೆ ಉತ್ತರ ನಿಲ್ಲಿಸಬೇಡಿ. ತಡವಾದರೆ ಕಾರಣ ತಿಳಿಸಿ. ಬಾರದ ಉತ್ತರವನ್ನು ಮಗು ತನ್ನ ಬರಹದ ಮೇಲಿನ ತೀರ್ಪೆಂದೇ ತಿಳಿಯುತ್ತದೆ.