ತರ್ಕದಂಗಳದ ಪದವಿ

ಟಿಬೆಟಿನ ಗೆಲುಗ್ ಪಂಥದಲ್ಲಿ ಬೌದ್ಧ ಶಾಸ್ತ್ರಗಳ ಉನ್ನತ ವ್ಯಾಸಂಗ ಮುಗಿಸಿದವರಿಗೆ ಸಲ್ಲುವ ಪದವಿ ಗೆಶೆ. ಆ ಪಂಥದ ಮೂರು ಮಹಾಮಠಗಳು ಇಂದು ಕರ್ನಾಟಕದಲ್ಲಿವೆ: ಸೆರಾ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ, ಡ್ರೆಪುಂಗ್ ಮತ್ತು ಗಾಂದೆನ್ ಉತ್ತರ ಕನ್ನಡದ ಮುಂಡಗೋಡಿನಲ್ಲಿ. ಮಠದ ವಿದ್ಯೆ ಎಂದೊಡನೆ ತುಮಕೂರು, ಗುಬ್ಬಿ, ಕುಣಿಗಲ್ ಕಡೆಯವರಿಗೆ ಸಿದ್ಧಗಂಗೆಯ ಸಂಸ್ಕೃತ ಪಾಠಶಾಲೆ ಕಣ್ಮುಂದೆ ಬರುತ್ತದೆ. ಅದೇ ನಾಡಿನಲ್ಲಿ ನಡೆಯುತ್ತಿರುವ ಈ ಇನ್ನೊಂದು ಮಠವಿದ್ಯೆಗೂ ಅಷ್ಟೇ ಆದರ ಸಲ್ಲಬೇಕು.

1959ರಲ್ಲಿ ಟಿಬೆಟ್ ಬಿಟ್ಟು ಬಂದ ಭಿಕ್ಷುಗಳು ಮೊದಲು ಬಂಗಾಳದ ಬಕ್ಸಾದಲ್ಲಿ, ಬ್ರಿಟಿಷರ ಕಾಲದ ಬಂದೀಖಾನೆಯಲ್ಲಿ ಪಾಠ ಮುಂದುವರಿಸಿದರು. ಕ್ಷಯರೋಗ ಹಲವರನ್ನು ಬಲಿ ತೆಗೆದುಕೊಂಡಿತು. ಅತ್ತ ಮೈಸೂರು ಸರ್ಕಾರ ಬೈಲಕುಪ್ಪೆಯಲ್ಲಿ ನಿರಾಶ್ರಿತರಿಗೆ ಭೂಮಿ ಕೊಟ್ಟಿತ್ತು. 1970ರ ಸುಮಾರಿಗೆ ಬಕ್ಸಾದಲ್ಲಿ ಉಳಿದವರು ಕರ್ನಾಟಕಕ್ಕೆ ಬಂದು, ಕಾಡು ಕಡಿದು, ಮುಸುಕಿನ ಜೋಳ ಬೆಳೆದು, ಪಾಠ ಹಿಡಿದರು.

ಗೆಶೆ ವ್ಯಾಸಂಗದ ಪಠ್ಯಗಳು ಐದು: ಧರ್ಮಕೀರ್ತಿಯ ಪ್ರಮಾಣವಾರ್ತಿಕ, ಮೈತ್ರೇಯನ ಹೆಸರಿನ ಅಭಿಸಮಯಾಲಂಕಾರ, ಚಂದ್ರಕೀರ್ತಿಯ ಮಧ್ಯಮಕಾವತಾರ, ವಸುಬಂಧುವಿನ ಅಭಿಧರ್ಮಕೋಶ, ಗುಣಪ್ರಭನ ವಿನಯಸೂತ್ರ. ಎಲ್ಲವೂ ಭಾರತದಲ್ಲಿ ಸಂಸ್ಕೃತದಲ್ಲಿ ಹುಟ್ಟಿದವು, ಇಲ್ಲಿ ಕಲಿಯುವುದು ಟಿಬೆಟನ್ ಅನುವಾದದಲ್ಲಿ. ಮೊದಲು ಕಂಠಪಾಠ, ಬಳಿಕ ವ್ಯಾಖ್ಯಾನ, ಕೊನೆಗೆ ವಾದ. ಗೆಶೆಯ ಅತ್ಯುನ್ನತ ಶ್ರೇಣಿಯಾದ ಲ್ಹರಂಪಾಕ್ಕೆ ಇನ್ನೂ 6 ವರ್ಷದ ಪರೀಕ್ಷೆಗಳಿವೆ.

ಈ ವಿದ್ಯೆಯ ಜೀವವಿರುವುದು ವಾದದಂಗಳದಲ್ಲಿ. ಉತ್ತರಿಸುವವನು ನೆಲದ ಮೇಲೆ ಕೂತಿರುತ್ತಾನೆ, ಪ್ರಶ್ನಿಸುವವನು ನಿಂತಿರುತ್ತಾನೆ. ಪ್ರಶ್ನೆ ಮುಗಿಯುವ ಕ್ಷಣಕ್ಕೆ ಸರಿಯಾಗಿ ಎಡಗಾಲು ನೆಲಕ್ಕೆ ಅಪ್ಪಳಿಸುತ್ತದೆ, ಬಲ ಅಂಗೈ ಎಡ ಅಂಗೈಗೆ ಬಡಿಯುತ್ತದೆ. ಎಡಗೈ ಪ್ರಜ್ಞೆ, ಬಲಗೈ ಉಪಾಯ. ಚಪ್ಪಾಳೆಯೆಂದರೆ ಅವೆರಡರ ಕೂಟ. ಕೂತವನು ಮಾತು ಬೆಳೆಸುವಂತಿಲ್ಲ. ಒಪ್ಪಿದೆ, ಏಕೆ, ಹೇತು (ಕೊಟ್ಟ ಕಾರಣ) ಸಿದ್ಧವಿಲ್ಲ, ವ್ಯಾಪ್ತಿಯಿಲ್ಲ (ಆ ಕಾರಣದಿಂದ ಆ ತೀರ್ಮಾನ ಬರದು): ಹೆಚ್ಚುಕಡಿಮೆ ಈ ನಾಲ್ಕರಲ್ಲೇ ಅವನ ನಿಲುವು ನಿಲ್ಲಬೇಕು, ಬೀಳಬೇಕು. ಮುಂಚೆ ಒಪ್ಪಿದ್ದಕ್ಕೆ ವಿರುದ್ಧವಾಗಿ ನುಡಿದನೋ, ನಿಂತವನಿಂದ 'ತ್ಸಾ!' ಎಂಬ ಕೂಗು ಏಳುತ್ತದೆ. ಹತ್ತಾರು ಜೋಡಿಗಳು ಒಟ್ಟಿಗೇ ವಾದಿಸುವಾಗ ಆ ಗದ್ದಲದ ನಡುವೆಯೂ ತನ್ನ ಹೇತುವನ್ನು ಕೈಬಿಡದಿರುವುದೇ ದೊಡ್ಡ ಶಿಕ್ಷಣ. ಪುಸ್ತಕ ನೋಡಿ ಬರೆಯುವ ಯಾವ ಪರೀಕ್ಷೆಯೂ ಇದನ್ನು ಕಲಿಸಲಾರದು.

ಈ ಅಂಗಳ ಶತಮಾನಗಳ ಕಾಲ ಗಂಡಸರದಾಗಿತ್ತು. ಟಿಬೆಟನ್ ಪರಂಪರೆಯಲ್ಲಿ ಸ್ತ್ರೀಯರಿಗೆ ಪೂರ್ಣ ಭಿಕ್ಷುಣಿ ದೀಕ್ಷೆ ಇರಲಿಲ್ಲ, ಅದಿಲ್ಲದೆ ಸಂನ್ಯಾಸ ನಿಯಮಗಳ ಶಾಸ್ತ್ರವಾದ ವಿನಯವನ್ನು ಪೂರ್ತಿ ಓದುವಂತಿರಲಿಲ್ಲ, ಹಾಗಾಗಿ ಪದವಿಯೂ ಇರಲಿಲ್ಲ. ಮುಂಡಗೋಡಿನ ಜಾಂಗ್‌ಚುಬ್ ಚೋಲಿಂಗ್‌ನಂಥ ಸನ್ಯಾಸಿನಿ ಮಠಗಳಲ್ಲಿ ಓದು ಗಟ್ಟಿಯಾದ ಮೇಲೆ 2012ರಲ್ಲಿ ಹಾದಿ ತೆರೆಯಿತು. ನಾಲ್ಕು ವರ್ಷದ ಪರೀಕ್ಷೆ ಗೆದ್ದ 20 ಸನ್ಯಾಸಿನಿಯರಿಗೆ 2016ರ ಡಿಸೆಂಬರ್‌ನಲ್ಲಿ ಮುಂಡಗೋಡಿನಲ್ಲೇ ದಲೈ ಲಾಮಾ ಗೆಶೆಯ ಸ್ತ್ರೀರೂಪವಾದ ಗೆಶೆಮಾ ಪದವಿ ಪ್ರದಾನ ಮಾಡಿದರು.

ಇಂಥ ಓದು ಗೆಲುಗ್ ಪಂಥಕ್ಕಷ್ಟೇ ಸೀಮಿತವಲ್ಲ. ಬೈಲಕುಪ್ಪೆಯ ನಾಮ್‌ಡ್ರೋಲಿಂಗ್ ಮಠ ಟಿಬೆಟಿನ ಇನ್ನೊಂದು ಪಂಥವಾದ ನ್ಯಿಂಗ್ಮಾದ್ದು. ಅದರ ಉನ್ನತ ವಿದ್ಯಾಲಯ 1978ರಲ್ಲಿ ಆರಂಭವಾಯಿತು. ಮಠ ಸೇರದೆ ಓದಬಯಸುವ ಗೃಹಸ್ಥರಿಗೆ 1967ರಲ್ಲಿ ಸ್ಥಾಪನೆಯಾದ ಸಾರನಾಥದ ಟಿಬೆಟನ್ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಶಾಸ್ತ್ರಿ, ಆಚಾರ್ಯ ಪದವಿಗಳಿವೆ.

2008ರ ನಂತರ ಟಿಬೆಟಿನಿಂದ ಬರುವ ಹೊಸಬರು ತೀರ ಕಡಿಮೆಯಾಗಿದ್ದಾರೆ. ಲಡಾಖ್, ಅರುಣಾಚಲ, ನೇಪಾಳದ ಹುಡುಗರು ಆ ಜಾಗ ತುಂಬುತ್ತಿದ್ದಾರೆ. ಅಮೆರಿಕದ ಎಮೊರಿ ವಿಶ್ವವಿದ್ಯಾಲಯ ಈ ಭಿಕ್ಷುಗಳಿಗೆ ವಿಜ್ಞಾನ ಕಲಿಸಲು ಅಷ್ಟು ದೂರದಿಂದ ಬಂದಿದೆ. ಮೈಸೂರು, ಧಾರವಾಡಗಳ ಸಂಸ್ಕೃತ ವಿದ್ಯಾರ್ಥಿಗಳಿಗೆ ಧರ್ಮಕೀರ್ತಿಯ ತರ್ಕ ಬಾಯಿಮಾತಾಗಿ ನಡೆಯುವ ಈ ಅಂಗಳಗಳು ಕೆಲವೇ ಗಂಟೆಗಳ ಬಸ್ಸಿನ ದಾರಿ.