ಕಿವಿಯೋಲೆ, ಆಧಾರ್ ಮತ್ತು ಪ್ರೋತ್ಸಾಹಧನ: ಸದಸ್ಯರು ತಿಳಿದಿರಬೇಕಾದದ್ದು



ಸಂಕ್ರಮಣದ ಸಿದ್ಧೇಶ್ವರ ಜಾತ್ರೆಯಲ್ಲಿ ದನ ಕೊಳ್ಳುವಾಗ ಹಲ್ಲು ನೋಡುತ್ತೇವೆ, ಸುಳಿ ನೋಡುತ್ತೇವೆ, ಆಕಳಾದರೆ ಕೆಚ್ಚಲು ಮುಟ್ಟಿ ನೋಡುತ್ತೇವೆ. ಕಿವಿಯಲ್ಲಿರುವ ಹಳದಿ ಓಲೆಯ ಅಂಕಿಯನ್ನು ಮಾತ್ರ ಓದುವವರು ಕಡಿಮೆ. ಆ 12 ಅಂಕಿಗಳ ಸಂಖ್ಯೆ ದೇಶದಲ್ಲಿ ಎರಡು ರಾಸುಗಳಿಗೆ ಒಂದೇ ಇರುವುದಿಲ್ಲ. ಮೊದಲು ರಾಷ್ಟ್ರೀಯ ಹೈನುಗಾರಿಕೆ ಅಭಿವೃದ್ಧಿ ಮಂಡಳಿ ರೂಪಿಸಿದ 'ಇನಾಫ್' ತಂತ್ರಾಂಶದಲ್ಲಿ ಈ ದಾಖಲೆ ಇಡಲಾಗುತ್ತಿತ್ತು. 2024ರ ಮಾರ್ಚ್‌ನಲ್ಲಿ ಲೋಕಾರ್ಪಣೆಯಾದ 'ಭಾರತ್ ಪಶುಧನ್' ಈಗ ಅದರ ಜಾಗಕ್ಕೆ ಬಂದಿದೆ.

ಓಲೆಯ ಸಂಖ್ಯೆಯಡಿ ಮಾಲೀಕರ ಹೆಸರು, ಮೊಬೈಲ್ ಸಂಖ್ಯೆ, ರಾಸಿನ ತಳಿ, ವಯಸ್ಸು, ಹಾಕಿದ ಲಸಿಕೆ, ಮಾಡಿಸಿದ ಕೃತಕ ಗರ್ಭಧಾರಣೆ, ಕರು ಹಾಕಿದ ದಿನ ಇವೆಲ್ಲ ಸೇರುತ್ತವೆ. ಕಾಲುಬಾಯಿ ಬೇನೆಗೆ 6 ತಿಂಗಳಿಗೊಮ್ಮೆ, ಕಂದು ರೋಗಕ್ಕೆ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಒಂದೇ ಬಾರಿ ಲಸಿಕೆ ಹಾಕಿದ್ದು ಇಲ್ಲಿಯೇ ದಾಖಲಾಗುತ್ತದೆ. ಗರ್ಭಧಾರಣೆಗೆ ಬಳಸಿದ ಸ್ಟ್ರಾದ ಮೇಲೆ ಹೋರಿಯ ಸಂಖ್ಯೆ ಇರುತ್ತದೆ. ಅದನ್ನು ಬರೆಸಿದ್ದರೆ ಮೂರು ವರ್ಷದ ನಂತರ ಮಣಕ ಬೆದೆಗೆ ಬಂದಾಗ ಅದರ ತಂದೆಯ ವೀರ್ಯವನ್ನೇ ಅದಕ್ಕೆ ಕೊಡುವ ಅಪಾಯ ತಪ್ಪುತ್ತದೆ. ನನ್ನ ದೃಷ್ಟಿಯಲ್ಲಿ ಓಲೆಯ ಅತಿ ದೊಡ್ಡ ಉಪಯೋಗ ಇದೇ. ಆದರೂ ಇದನ್ನು ಕೇಳುವ ರೈತರು ವಿರಳ.

ದನ ಮಾರಿದಾಗ, ಕೊಂಡಾಗ ಅಥವಾ ಸತ್ತಾಗ ಪಶು ಆಸ್ಪತ್ರೆಗೆ ತಿಳಿಸಿ ದಾಖಲೆ ಬದಲಿಸಬೇಕು. ಇಲ್ಲದಿದ್ದರೆ ತಮ್ಮ ಕೊಟ್ಟಿಗೆಯಲ್ಲಿರುವ ಆಕಳು ಕಂಪ್ಯೂಟರಿನಲ್ಲಿ ಬೇರೆಯವರದ್ದಾಗಿಯೇ ಉಳಿಯುತ್ತದೆ. ಓಲೆ ಹರಿದು ಬಿದ್ದರೆ ಅಂದೇ ತಿಳಿಸಿ ಹೊಸದನ್ನು ಹಾಕಿಸಿ, ವಿಮೆ ಇದ್ದರೆ ವಿಮಾ ಕಚೇರಿಗೂ ಹೊಸ ಸಂಖ್ಯೆ ಬರೆದು ಕೊಡಿ. ವಿಮೆಯಲ್ಲಿ ಓಲೆ ಇಲ್ಲದ ರಾಸಿಗೆ ಪರಿಹಾರವಿಲ್ಲ. 2022ರಲ್ಲಿ ಚರ್ಮಗಂಟು ರೋಗದಿಂದ ಸತ್ತ ಆಕಳಿಗೆ 20,000, ಎತ್ತಿಗೆ 30,000, ಕರುವಿಗೆ 5,000 ರೂಪಾಯಿಯಂತೆ ರಾಜ್ಯ ಸರ್ಕಾರ ಪರಿಹಾರ ನೀಡಿತು. ಇಂಥ ಹೊತ್ತಿನಲ್ಲಿ ಸತ್ತ ರಾಸು ಯಾರದ್ದೆಂದು ತಕರಾರಿಲ್ಲದೆ ತೋರಿಸುವುದು ದಾಖಲೆಯೇ.

ಇನ್ನು ಹಣದ ವಿಷಯ. ರಾಜ್ಯ ಸರ್ಕಾರದ ಪ್ರೋತ್ಸಾಹಧನ 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಆರಂಭವಾಗಿ ಈಗ 5 ರೂಪಾಯಿ ಇದೆ. ದಿನಕ್ಕೆ 8 ಲೀಟರ್ ಹಾಕುವ ಮನೆಗೆ ತಿಂಗಳಿಗೆ 1,200 ರೂಪಾಯಿ. ಕಣಕಿ ಸಾಲದ ಬೇಸಿಗೆಯಲ್ಲಿ ಇದು ಸಣ್ಣ ಮೊತ್ತವಲ್ಲ. ಸಂಘದಲ್ಲಿ ಅಳೆದ ಹಾಲಿನ ಲೆಕ್ಕ ಒಕ್ಕೂಟಕ್ಕೆ, ಅಲ್ಲಿಂದ ಪಶುಸಂಗೋಪನಾ ಇಲಾಖೆಗೆ ಹೋಗಿ, ಹಣ ನೇರವಾಗಿ ಸದಸ್ಯರ ಖಾತೆಗೆ ಬರುತ್ತದೆ. ಆಧಾರ್ ಮೂಲಕ ಬರುವ ಹಣ ಪಾಸ್‌ಬುಕ್ಕಿನ ಝೆರಾಕ್ಸ್ ನೋಡಿ ಬರುವುದಿಲ್ಲ. ಆಧಾರ್‌ಗೆ ಕೊನೆಯದಾಗಿ ಜೋಡಿಸಿದ ಬ್ಯಾಂಕ್ ಯಾವುದೋ ಆ ಖಾತೆಗೇ ಹೋಗುತ್ತದೆ. ಬೇರೆ ಯಾವುದೋ ಯೋಜನೆಗೆಂದು ಮತ್ತೊಂದು ಬ್ಯಾಂಕಿನಲ್ಲಿ ಖಾತೆ ತೆರೆದು ಆಧಾರ್ ಜೋಡಿಸಿದ್ದರೆ, ಹಾಲಿನ ಹಣವೂ ಅಲ್ಲಿಯೇ ಬಿದ್ದಿರಬಹುದು. ಸರ್ಕಾರದಿಂದ ಬಿಡುಗಡೆ ತಡವಾಗುವುದು ಬೇರೆ ಮಾತು. ಊರಿನವರಿಗೆಲ್ಲ ಬಂದು ತಮಗೊಬ್ಬರಿಗೆ ಬಾರದಿದ್ದರೆ ಮೊದಲು ಈ ಜೋಡಣೆಯನ್ನು ಬ್ಯಾಂಕಿನಲ್ಲಿ ವಿಚಾರಿಸಿ. ಸಂಘದ ಕಾರ್ಯದರ್ಶಿಯೊಡನೆ ಜಗಳ ಆಮೇಲಿರಲಿ.

ಹಾಲು ಹಿಂಡಿ ಡೇರಿಗೆ ತರುವವರು ಮನೆಯ ಹೆಣ್ಣುಮಕ್ಕಳು, ಸದಸ್ಯತ್ವ ಮತ್ತು ಖಾತೆ ಮಾತ್ರ ಗಂಡಸರ ಹೆಸರಿನಲ್ಲಿ ಎಂಬುದು ಟಿಕೋಟಾ, ಬಬಲೇಶ್ವರ ಕಡೆ ಹೊಸದೇನಲ್ಲ. ಕಂಪ್ಯೂಟರ್ ಹೆಸರನ್ನಷ್ಟೇ ನೋಡುತ್ತದೆ, ದುಡಿದವರು ಯಾರೆಂದು ನೋಡುವುದಿಲ್ಲ.

ಇಷ್ಟೊಂದು ಮಾಹಿತಿ ಕಚೇರಿಯಿಂದ ಕಚೇರಿಗೆ ಹೋಗುವಾಗ ಅದು ಭದ್ರವಾಗಿದೆಯೇ ಎಂದು ಕೇಳುವ ಹಕ್ಕು ತಮಗಿದೆ. ಯಾವ ಕೆಲಸಕ್ಕೆ ಮಾಹಿತಿ ಪಡೆದರೋ ಅದಕ್ಕೇ ಬಳಸಬೇಕೆಂಬುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿರುಳು. ಆದರೆ ಕಾಯ್ದೆಗಿಂತ ಮೊದಲು ನಮ್ಮ ಎಚ್ಚರಿಕೆ ಬೇಕು. ಓಲೆ ನೋಂದಣಿ ಅಥವಾ ಲಸಿಕೆ ದಾಖಲಿಸುವಾಗ ತಮ್ಮ ಮೊಬೈಲಿಗೆ ಒಟಿಪಿ ಬರುವುದುಂಟು. ಲಸಿಕೆ ಹಾಕುವವರು ತಮ್ಮ ಕೊಟ್ಟಿಗೆಯಲ್ಲಿ ನಿಂತಿದ್ದು, ಸಂದೇಶದಲ್ಲಿಯೂ ಪಶುಧನ್ ಹೆಸರಿದ್ದರೆ ಮಾತ್ರ ಹೇಳಿ. 'ಪ್ರೋತ್ಸಾಹಧನ ಜಮಾ ಮಾಡುತ್ತೇವೆ, ಒಟಿಪಿ ಹೇಳಿ' ಎಂದು ಫೋನಿನಲ್ಲಿ ಕೇಳಿದವರಿಗೆ ಹೇಳಬೇಡಿ. ಖಾತೆಗೆ ಹಣ ಬರಲು ಒಟಿಪಿ ಬೇಕಿಲ್ಲ, ಹೋಗಲು ಬೇಕು. ಮೋಸವಾದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಹೆಬ್ಬೆಟ್ಟಿನ ಗುರುತಿನಿಂದಲೂ ಹಣ ತೆಗೆಯಬಹುದಾದ್ದರಿಂದ, ಎಂಆಧಾರ್ ಆಪ್‌ನಲ್ಲಿ ಬೆರಳಚ್ಚಿಗೆ ಬೀಗ ಹಾಕುವ ಸೌಲಭ್ಯವಿದೆ. ಬೀಗ ಹಾಕಿದರೆ ತಾವು ಬೆರಳಿಟ್ಟು ಹಣ ತೆಗೆಯುವಾಗಲೂ ಮೊದಲು ಅದನ್ನು ತೆರೆಯಬೇಕಾಗುತ್ತದೆ.

ಸಂಘದ ಕಾರ್ಯದರ್ಶಿಗಳಲ್ಲಿ ವಿನಂತಿ: ಸದಸ್ಯರ ಆಧಾರ್ ಪ್ರತಿಗಳನ್ನು ಹಾಲಿನ ಕ್ಯಾನಿನ ಪಕ್ಕದ ಟೇಬಲ್ಲಿನ ಮೇಲೆ ಬಿಡದೆ ಬೀರುವಿನಲ್ಲಿಡಿ. ಪಾಸ್‌ವರ್ಡ್ ಗೋಡೆಗೆ ಅಂಟಿಸಬೇಡಿ. ತಿಂಗಳ ಹಾಲಿನ ಲೆಕ್ಕ ಕಳಿಸುವ ಮುನ್ನ ಹೆಸರು ಮತ್ತು ಲೀಟರ್ ಮಾತ್ರ ಇರುವ ಪಟ್ಟಿಯನ್ನು ಫಲಕಕ್ಕೆ ಹಚ್ಚಿ, ಅದರಲ್ಲಿ ಆಧಾರ್ ಸಂಖ್ಯೆ ಬೇಡ. ತಪ್ಪಿದ್ದರೆ ಸದಸ್ಯರು ಅಲ್ಲಿಯೇ ತಿದ್ದಿಸಿಕೊಳ್ಳಲಿ. ಒಮ್ಮೆ ಮೇಲಕ್ಕೆ ಹೋದ ಲೆಕ್ಕವನ್ನು ತಿದ್ದಿಸುವುದು ಬಹಳ ಓಡಾಟದ ಕೆಲಸ.