ಬೀಜ ಕಾದವರು, ಬಾಯಿ ಮುಚ್ಚಿಸಿದವರು



ನಿಮ್ಮ ಮನೆಯಲ್ಲಿ ಅಜ್ಜಿ ಇದ್ದರೆ ಬೀಜದ ಗಡಿಗೆಯ ಬಗ್ಗೆ ಒಮ್ಮೆ ಕೇಳಿ ನೋಡಿ. ಬೂದಿ ಬೆರೆಸಿ, ಬೇವಿನ ಸೊಪ್ಪು ಹಾಕಿ, ಬಾಯಿಗೆ ಸಗಣಿ ಮೆತ್ತಿ ಇಟ್ಟ ಜೋಳವೋ ರಾಗಿಯೋ ತೊಗರಿಯೋ ಅದರಲ್ಲಿ ಇರುತ್ತಿತ್ತು. ಮನೆಯಲ್ಲಿ ಒಲೆ ಹೊತ್ತದ ದಿನವೂ ಆ ಗಡಿಗೆಗೆ ಯಾರೂ ಕೈ ಹಾಕುತ್ತಿರಲಿಲ್ಲ. ಯಾಕೆ ಅಂತೀರಾ? ಬೀಜ ತಿಂದುಬಿಟ್ಟರೆ ಮುಂದಿನ ವರ್ಷ ಬಿತ್ತುವುದೇನನ್ನು?

ಇದೇ ಮಾತನ್ನು ಪ್ರಾಣ ಕೊಟ್ಟು ನಡೆಸಿದ ಕೆಲವು ವಿಜ್ಞಾನಿಗಳ ಕತೆ ಇದು. ಅವರಿಗೆ ಆ ಪಾಠ ಕಲಿಸಿದ ಗುರುವನ್ನು ಅವರದೇ ದೇಶದ ಸರಕಾರ ಜೈಲಿಗೆ ಹಾಕಿತ್ತು. ಅದು ಯಾಕೆ ಹಾಗಾಯ್ತು ಅನ್ನುವುದೇ ಇಲ್ಲಿನ ಮುಖ್ಯ ಪ್ರಶ್ನೆ.

ಒಂದು ದಶಕದ ವಸಂತ

ರಷ್ಯಾದಲ್ಲಿ 1917ರಲ್ಲಿ ಕ್ರಾಂತಿಯಾಯಿತು. ಆಮೇಲೆ ಯುದ್ಧ, ಬರ, ರೋಗ ಎಲ್ಲವೂ ಬಂದವು. ಆದರೂ ಆ ಕಷ್ಟದ ನಡುವೆಯೇ ಅಲ್ಲಿ ಹೊಸ ಯೋಚನೆಗಳು ಮಳೆಗಾಲದ ಹುಲ್ಲಿನಂತೆ ಎದ್ದವು. 1922ರಲ್ಲಿ ಪೆಟ್ರೋಗ್ರಾಡ್‌ನ ಅಲೆಕ್ಸಾಂಡರ್ ಫ್ರೀಡ್‌ಮನ್ ಎಂಬ ಗಣಿತಜ್ಞರು ವಿಶ್ವವೇ ಹಿಗ್ಗುತ್ತಿರಬಹುದು ಎಂದು ಲೆಕ್ಕ ಹಾಕಿ ತೋರಿಸಿದರು. 1924ರಲ್ಲಿ ಒಪಾರಿನ್ ಎಂಬುವರು ಭೂಮಿಯ ಮೇಲೆ ಜೀವ ಹೇಗೆ ಹುಟ್ಟಿರಬಹುದು ಎಂದು ಒಂದು ಕಿರುಪುಸ್ತಕ ಬರೆದರು. 1925ರಲ್ಲಿ ಐಸೆನ್‌ಸ್ಟೈನ್ 'ಬ್ಯಾಟಲ್‌ಶಿಪ್ ಪೊಟೆಮ್ಕಿನ್' ಸಿನಿಮಾ ಮಾಡಿದರು. ಮಾಸ್ಕೋದಲ್ಲಿ ಚೆಟ್ವೆರಿಕೋವ್ ಮತ್ತು ಅವರ ಶಿಷ್ಯರು ಹಣ್ಣಿನ ನೊಣಗಳನ್ನು ಸಾಕಿ, ತಂದೆತಾಯಿಯ ಗುಣ ಮಕ್ಕಳಿಗೆ ಹೇಗೆ ಹೋಗುತ್ತದೆ ಎಂದು ಹುಡುಕುತ್ತಿದ್ದರು. ನಾಟಕ, ಚಿತ್ರ, ಕವಿತೆ, ವಿಜ್ಞಾನ ಎಲ್ಲಕ್ಕೂ ಒಮ್ಮೆಲೇ ಜೀವ ಬಂದಿತ್ತು.

ಆ ಗುಂಪಿನಲ್ಲಿ ಒಬ್ಬರು ನಿಕೊಲಾಯ್ ವವಿಲೋವ್. ಹುಟ್ಟಿದ್ದು 1887ರಲ್ಲಿ, ಮಾಸ್ಕೋದಲ್ಲಿ. 1920ರಲ್ಲಿ ಸರಾಟೊವ್ ಎಂಬ ಊರಿನ ಸಭೆಯಲ್ಲಿ ಅವರು ಒಂದು ಹೊಸ ನಿಯಮ ಹೇಳಿದರು. ಗೋಧಿಯಲ್ಲಿ ಕೆಂಪು ಕಾಳು, ಬಿಳಿ ಕಾಳು ಇವೆ. ಊಬು ಇರುವ ತೆನೆ, ಊಬು ಇಲ್ಲದ ತೆನೆ ಇವೆ. ಅದರ ಹತ್ತಿರದ ಸಂಬಂಧಿಯಾದ ರೈ ಧಾನ್ಯದಲ್ಲೂ ಇದೇ ಬಗೆಗಳು ಇರಲೇಬೇಕು, ಹುಡುಕಿದರೆ ಸಿಗುತ್ತವೆ ಎಂದರು. ಯಾವ ಜಾಗ ಖಾಲಿ ಇದೆ ಎಂದು ಮೊದಲೇ ಹೇಳುವ ಮೆಂಡಲೀಫ್‌ರ ಕೋಷ್ಟಕ ನಿಮಗೆ ಗೊತ್ತಲ್ಲವೇ? ಜೀವವಿಜ್ಞಾನಕ್ಕೂ ಒಬ್ಬ ಮೆಂಡಲೀಫ್ ಸಿಕ್ಕರು ಎಂದು ಜನ ಆಗ ಸಂತೋಷಪಟ್ಟರು.

ನಿಮ್ಮ ಹೊಲದ ಬೆಳೆಯ ತವರು ಯಾವುದು?

ವವಿಲೋವ್ ಸುಮ್ಮನೆ ಕೂರುವ ಜನ ಅಲ್ಲ. 1924ರಲ್ಲಿ ಅಫ್ಘಾನಿಸ್ತಾನದ ಬೆಟ್ಟಗಳನ್ನು ಕುದುರೆಯ ಮೇಲೆ ಸುತ್ತಿದರು. ಆಮೇಲೆ ಇಥಿಯೋಪಿಯಾ, ಚೀನಾ, ಜಪಾನ್, ಮೆಕ್ಸಿಕೊ, ಪೆರು. ಹೋದಲ್ಲೆಲ್ಲ ಸಂತೆಗೆ, ಹೊಲಕ್ಕೆ ಹೋಗಿ ರೈತರ ಕೈಯಿಂದ ಒಂದೊಂದು ಹಿಡಿ ಬೀಜ ತಂದರು. ಒಂದು ಬೆಳೆಯ ಅತಿ ಹೆಚ್ಚು ಬಗೆಗಳು ಎಲ್ಲಿ ಸಿಗುತ್ತವೋ ಆ ಕಡೆಯೇ ಅದರ ತವರು ಇರಬೇಕು ಎಂಬುದು ಅವರ ತರ್ಕ. ಈ ವಿಚಾರವನ್ನು 1926ರಲ್ಲಿ ಪ್ರಕಟಿಸಿದರು. ಅಂಥ ತವರುಗಳಲ್ಲಿ ನಮ್ಮ ಭಾರತವೂ ಒಂದು.

ಅವರೂ ಅವರ ನಂತರದವರೂ ಮಾಡಿದ ಕೆಲಸದಿಂದ ನಾವು ಇಂದು ಹೀಗೆ ಹೇಳಬಹುದು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಜೋಳದ ತವರು ಈಶಾನ್ಯ ಆಫ್ರಿಕಾ. ತಾಳವಾಡಿ, ಹೊಸೂರಿನ ರಾಗಿಯೂ ಪೂರ್ವ ಆಫ್ರಿಕಾದ ಎತ್ತರದ ನಾಡಿನದು. ರಾಯದುರ್ಗ, ಮಡಕಶಿರದ ಶೇಂಗಾ ದಕ್ಷಿಣ ಅಮೆರಿಕದಿಂದ ಬಂದದ್ದು. ನೀಲಗಿರಿಯ ಆಲೂಗಡ್ಡೆ ಆಂಡೀಸ್ ಪರ್ವತದ್ದು. ಗೋವೆಯ ಗೇರು ಬ್ರೆಜಿಲ್‌ನದು. ವಯನಾಡಿನ ಕರಿಮೆಣಸು ಮಾತ್ರ ಅಲ್ಲಿನದೇ ಮನೆಮಗಳು. ತೊಗರಿಯೂ ನಮ್ಮ ದೇಶದ್ದೇ. ರಾಜ್ಯದ ಗಡಿ, ದೇಶದ ಗಡಿ ಯಾವುದನ್ನೂ ಬೀಜ ಕೇಳುವುದಿಲ್ಲ ನೋಡಿ!

ಹೀಗೆ ಕೂಡಿಸಿದ ಬೀಜ, ಗೆಡ್ಡೆಗಳ ಮಾದರಿಗಳು 1940ರ ಹೊತ್ತಿಗೆ ಸುಮಾರು ಎರಡೂವರೆ ಲಕ್ಷ ಆಗಿದ್ದವು. ಲೆನಿನ್‌ಗ್ರಾಡ್‌ನಲ್ಲಿದ್ದ (ಪೆಟ್ರೋಗ್ರಾಡ್‌ಗೆ 1924ರಿಂದ ಬಂದ ಹೆಸರು) ಅವರ ಸಂಸ್ಥೆ ಜಗತ್ತಿಗೇ ದೊಡ್ಡ ಬೀಜದ ಗಡಿಗೆಯಾಗಿತ್ತು. ರೋಗ ತಡೆಯುವ, ಚಳಿ ತಡೆಯುವ, ಬರ ತಡೆಯುವ ಗುಣಗಳನ್ನು ಇವುಗಳಿಂದ ಆರಿಸಿ, ಅಡ್ಡತಳಿ ಮಾಡಿ, ಹಸಿವನ್ನು ಗೆಲ್ಲಬೇಕು ಎಂಬುದು ವವಿಲೋವ್‌ರ ಕನಸು.

ಕಾಯಲು ವೇಳೆ ಇಲ್ಲದ ಅಧಿಕಾರ

ಅಷ್ಟರಲ್ಲಿ ದೇಶದ ಗಾಳಿ ಬದಲಾಗಿತ್ತು. ಸ್ಟಾಲಿನ್ ಕೈಗೆ ಪೂರ್ತಿ ಅಧಿಕಾರ ಬಂತು. ರೈತರ ಹೊಲಗಳನ್ನು ಬಲವಂತವಾಗಿ ಒಟ್ಟುಗೂಡಿಸಿ ಸಾಮೂಹಿಕ ಬೇಸಾಯ ಮಾಡಿಸಿದರು. 1932–33ರಲ್ಲಿ ಭೀಕರ ಕ್ಷಾಮ ಬಿದ್ದು ಲಕ್ಷಲಕ್ಷ ಜನ ಸತ್ತರು. ಈಗ ಸರಕಾರಕ್ಕೆ ಒಂದು ಪವಾಡ ಬೇಕಿತ್ತು, ಅದೂ ಬೇಗ. ಹೊಸ ತಳಿಯೊಂದನ್ನು ನಂಬಿಕೆಯಿಂದ ರೈತನ ಕೈಗೆ ಕೊಡಲು ಹತ್ತು ಹನ್ನೆರಡು ವರ್ಷ ಬೇಕು ಎಂದು ವವಿಲೋವ್ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಆ ಉತ್ತರ ಅಧಿಕಾರಿಗಳಿಗೆ ಹಿಡಿಸಲಿಲ್ಲ.

ಆಗ ಮುಂದೆ ಬಂದವರು ಟ್ರೊಫಿಮ್ ಲೈಸೆಂಕೊ. ರೈತರ ಮನೆಯ ಮಗ, ಕಷ್ಟಪಟ್ಟು ಮೇಲೆ ಬಂದವರು. ತೇವ ಮಾಡಿದ ಗೋಧಿ ಬೀಜವನ್ನು ಚಳಿಯಲ್ಲಿಟ್ಟು ಬಿತ್ತಿದರೆ, ಚಳಿಗಾಲದ ಗೋಧಿಯೂ ವಸಂತದಲ್ಲಿ ಬಿತ್ತಿ ತೆನೆ ಬಿಡುತ್ತದೆ ಎಂದು ಅವರು ತೋರಿಸಿದರು. ಇದು ಸುಳ್ಳಲ್ಲ. ಅದಕ್ಕೂ ಮೊದಲೇ ಕೆಲವರಿಗೆ ಗೊತ್ತಿದ್ದ ಸಂಗತಿಯೇ. ವವಿಲೋವ್ ಕೂಡ ಮೊದಮೊದಲು ಈ ಯುವಕನ ಬೆನ್ನು ತಟ್ಟಿದರು.

ಆದರೆ ಲೈಸೆಂಕೊ ಅಷ್ಟಕ್ಕೇ ನಿಲ್ಲಲಿಲ್ಲ. ಹೀಗೆ ಮಾಡಿದರೆ ಇಡೀ ದೇಶದ ಇಳುವರಿ ಏರುತ್ತದೆ, ಚಳಿಯಲ್ಲಿಟ್ಟ ಗಿಡದ ಹೊಸ ಗುಣ ಅದರ ಮಕ್ಕಳಿಗೂ ಬರುತ್ತದೆ, ಜೀನು ಗೀನು ಎಲ್ಲ ಬರೀ ಕಲ್ಪನೆ ಎಂದರು. ಹೊಸ ತಳಿಯನ್ನು ಎರಡು ಮೂರು ವರ್ಷದಲ್ಲಿ ಕೊಡುತ್ತೇನೆ ಎಂದರು. ಪುರಾವೆ ಏನು ಕೊಟ್ಟರು? ಸಾಮೂಹಿಕ ಹೊಲಗಳಿಗೆ ಪ್ರಶ್ನೆಪತ್ರ ಕಳಿಸಿ, ಅಲ್ಲಿಂದ ತುಂಬಿ ಬಂದ ಉತ್ತರಗಳು. ಪಕ್ಕದಲ್ಲೇ ಮಾಮೂಲಿ ಬೀಜ ಬಿತ್ತಿ ಹೋಲಿಸಿ ನೋಡಿದ್ದು ಇಲ್ಲವೇ ಇಲ್ಲ ಎನ್ನುವಷ್ಟು. ಇಳುವರಿ ಕಡಿಮೆ ಎಂದು ಬರೆದರೆ ಏನಾಗುತ್ತದೋ ಎಂಬ ಭಯ ಇದ್ದಾಗ ಯಾರು ತಾನೇ ನಿಜ ಬರೆಯುತ್ತಾರೆ, ನೀವೇ ಹೇಳಿ.

1935ರ ಒಂದು ಸಭೆಯಲ್ಲಿ ಲೈಸೆಂಕೊ ಮಾತಾಡುತ್ತಿದ್ದಾಗ ಸ್ಟಾಲಿನ್ ನಡುವೆಯೇ "ಶಾಬಾಸ್" ಎಂದು ಮೆಚ್ಚಿಕೊಂಡರು. ಅಲ್ಲಿಗೆ ವಾದ ಮುಗಿದಂತೆಯೇ. ಹೊಲದಲ್ಲಿ ತೀರ್ಮಾನವಾಗಬೇಕಿದ್ದ ಪ್ರಶ್ನೆ ಸಭೆಯ ಚಪ್ಪಾಳೆಯಲ್ಲಿ ತೀರ್ಮಾನವಾಯಿತು. ದೇಶ ಹಸಿದಿರುವಾಗ ಇವರು ನೊಣ ಎಣಿಸುತ್ತಾ ಕೂತಿದ್ದಾರೆ ಎಂದು ತಳಿವಿಜ್ಞಾನಿಗಳನ್ನು ಪತ್ರಿಕೆಗಳಲ್ಲಿ ಲೇವಡಿ ಮಾಡಿದರು. ಚೆಟ್ವೆರಿಕೋವ್‌ರನ್ನು 1929ರಲ್ಲೇ ಹಿಡಿದು ಊರು ಬಿಡಿಸಿದ್ದರು. ಬರೀ ಜೀವವಿಜ್ಞಾನಕ್ಕೆ ಮಾತ್ರ ಬಂದ ಕೇಡೂ ಅಲ್ಲ ಇದು. ಭೌತವಿಜ್ಞಾನಿ ಬ್ರಾನ್‌ಸ್ಟೈನ್‌ರನ್ನು 1938ರಲ್ಲಿ ಗುಂಡಿಟ್ಟು ಕೊಂದರು. ಕವಿ ಮಂಡೆಲ್‌ಸ್ಟಾಮ್ ಅದೇ ವರ್ಷ ಶಿಬಿರದಲ್ಲಿ ಸತ್ತರು. ನಾಟಕ ನಿರ್ದೇಶಕ ಮೆಯೆರ್‌ಹೋಲ್ಡ್ 1940ರಲ್ಲಿ ಗುಂಡಿಗೆ ಬಲಿಯಾದರು. ಒಂದು ದಶಕದಲ್ಲಿ ಅರಳಿದ್ದನ್ನು ಮುಂದಿನ ದಶಕ ಬೇರು ಸಮೇತ ಕಿತ್ತುಹಾಕಿತು.

ವವಿಲೋವ್ ಹೆದರಲಿಲ್ಲ. ಚಿತೆ ಏರಬೇಕಾಗಿ ಬಂದರೂ ತಾವು ನಂಬಿದ್ದನ್ನು ಬಿಡುವುದಿಲ್ಲ ಎಂದು 1939ರಲ್ಲಿ ತಮ್ಮ ಸಹೋದ್ಯೋಗಿಗಳ ಎದುರು ಹೇಳಿದರು. ಅದೇ ವರ್ಷ ಎಡಿನ್‌ಬರೋದಲ್ಲಿ ನಡೆದ ಅಂತರರಾಷ್ಟ್ರೀಯ ತಳಿವಿಜ್ಞಾನ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಆದರೆ ಹೋಗಲು ಸರಕಾರ ಬಿಡಲಿಲ್ಲ. 1940ರ ಆಗಸ್ಟ್ 6ರಂದು ಪಶ್ಚಿಮ ಉಕ್ರೇನಿನಲ್ಲಿ ಬೀಜ ಹುಡುಕುತ್ತಿದ್ದಾಗಲೇ ಅವರನ್ನು ಬಂಧಿಸಿದರು. ಬೇಸಾಯವನ್ನು ಹಾಳು ಮಾಡಿದ, ಬೇರೆ ದೇಶಕ್ಕೆ ಗೂಢಚಾರಿಕೆ ಮಾಡಿದ ಎಂಬ ಆರೋಪ ಹೊರಿಸಿ, ಕೆಲವೇ ನಿಮಿಷಗಳ ವಿಚಾರಣೆಯಲ್ಲಿ ಮರಣದಂಡನೆ ಕೊಟ್ಟರು. ಆಮೇಲೆ ಅದನ್ನು 20 ವರ್ಷ ಸೆರೆವಾಸಕ್ಕೆ ಇಳಿಸಿದರು.

ಎರಡು ಊರು, ಒಂದೇ ಹಸಿವು

1941ರ ಸೆಪ್ಟೆಂಬರಿನಲ್ಲಿ ಜರ್ಮನ್ ಸೈನ್ಯ ಲೆನಿನ್‌ಗ್ರಾಡನ್ನು ಸುತ್ತುವರಿಯಿತು. ಆ ಮುತ್ತಿಗೆ 872 ದಿನ ನಡೆಯಿತು. ಮೊದಲ ಚಳಿಗಾಲದಲ್ಲಿ ಒಬ್ಬ ಸಾಮಾನ್ಯನಿಗೆ ದಿನಕ್ಕೆ 125 ಗ್ರಾಂ ಬ್ರೆಡ್ಡು, ಅದರಲ್ಲೂ ಹೊಟ್ಟು ಬೆರಕೆ.

ಆ ಊರಿನ ನಡುವೆ, ವವಿಲೋವ್‌ರ ಸಂಸ್ಥೆಯ ಕತ್ತಲೆ ಕೋಣೆಗಳಲ್ಲಿ ಟನ್ನುಗಟ್ಟಲೆ ಗೋಧಿ, ಅಕ್ಕಿ, ಶೇಂಗಾ, ಬಟಾಣಿ, ಆಲೂಗಡ್ಡೆ. ಕಾವಲಿಗೆ ಹಸಿದ ವಿಜ್ಞಾನಿಗಳು. ಸರದಿ ಪ್ರಕಾರ ಇಲಿ ಓಡಿಸಿದರು. ಗೆಡ್ಡೆ ಹೆಪ್ಪುಗಟ್ಟದಂತೆ ಸಿಕ್ಕ ಕಟ್ಟಿಗೆ ಚೂರುಗಳನ್ನೆಲ್ಲ ಉರಿಸಿದರು. ಯಾರೂ ತಿನ್ನಲಿಲ್ಲ. ಶೇಂಗಾ ತಜ್ಞ ಶುಕಿನ್ ಮೇಜಿನ ಮುಂದೆ ಕೂತಲ್ಲೇ ಸತ್ತರು. ಅಕ್ಕಿ ತಜ್ಞ ಇವಾನೊವ್ ಸತ್ತಾಗ ಅವರ ಸುತ್ತ ಸಾವಿರಾರು ಪೊಟ್ಟಣ ಅಕ್ಕಿ ಇತ್ತು. ಇನ್ನೂ ಹಲವರು ಹಾಗೆಯೇ ಹೋದರು.

ಅದೇ ಹೊತ್ತಿಗೆ ದೂರದ ಸರಾಟೊವ್ ಜೈಲಿನಲ್ಲಿ ಅವರ ಗುರುವೂ ಅರೆಹೊಟ್ಟೆಯಲ್ಲಿ ಸವೆಯುತ್ತಿದ್ದರು. ಜಗತ್ತಿನ ಹಸಿವು ನೀಗಿಸಲು ಹೊರಟವರು 1943ರ ಜನವರಿ 26ರಂದು ಅಲ್ಲಿಯೇ ತೀರಿಕೊಂಡರು. ಯುದ್ಧದಿಂದ ಊರು ಬಿಟ್ಟು ಬಂದ ಅವರ ಹೆಂಡತಿಯೂ ಆಗ ಅದೇ ಸರಾಟೊವ್‌ನಲ್ಲಿದ್ದರು. ಗಂಡ ಇದೇ ಊರಿನ ಜೈಲಿನಲ್ಲಿದ್ದಾರೆ ಎಂದು ಅವರಿಗೆ ಗೊತ್ತಿರಲಿಲ್ಲ.

1948ರಲ್ಲಿ ತಳಿವಿಜ್ಞಾನವನ್ನೇ ದೇಶದಲ್ಲಿ ನಿಷೇಧಿಸಿದಂತಾಯಿತು. ಸಾವಿರಾರು ಜನ ಕೆಲಸ ಕಳಕೊಂಡರು. ಶಾಲೆಯ ಪುಸ್ತಕದಿಂದಲೂ ಅದು ಮಾಯವಾಯಿತು. 1953ರಲ್ಲಿ ಕೇಂಬ್ರಿಜ್‌ನಲ್ಲಿ ಡಿಎನ್‌ಎಯ ಜೋಡಿ ಸುರುಳಿ ಬೆಳಕಿಗೆ ಬಂದಾಗ, ಅಷ್ಟು ದೊಡ್ಡ ದೇಶದ ಮಕ್ಕಳಿಗೆ ಶಾಲೆಯಲ್ಲಿ ಮೆಂಡೆಲ್ ಪಾಠವೇ ಇರಲಿಲ್ಲ. 1955ರಲ್ಲಿ ವವಿಲೋವ್ ನಿರಪರಾಧಿ ಎಂದು ಸರಕಾರ ಒಪ್ಪಿಕೊಂಡಿತು. ಲೈಸೆಂಕೊ ಪ್ರಭಾವ ಮುರಿದದ್ದು 1965ರ ಸುಮಾರಿಗೆ.

ಅಧಿಕಾರ ಯಾಕೆ ಬೆದರುತ್ತದೆ?

ಬೀಜ ಆರಿಸುವ ಮನುಷ್ಯನ ಕೈಯಲ್ಲಿ ಬಂದೂಕೂ ಇರಲಿಲ್ಲ, ಸೈನ್ಯವೂ ಇರಲಿಲ್ಲ. ಆದರೂ ಅಷ್ಟು ದೊಡ್ಡ ಸರಕಾರ ಯಾಕೆ ಸಿಟ್ಟಾಯಿತು? ನನಗೆ ತೋಚುವ ಕಾರಣ ಮೂರು.

ಒಂದು, ಪ್ರಯೋಗ ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಮಂತ್ರಿ ಹೇಳಿದರೂ ಮೇಷ್ಟ್ರು ಹೇಳಿದರೂ ಮೊಳಕೆ ಬರದ ಬೀಜ ಬರುವುದಿಲ್ಲ. ತನ್ನ ಮಾತೇ ಕೊನೆಯ ಮಾತು ಎನ್ನುವವರಿಗೆ ಇದು ನುಂಗಲಾರದ ತುತ್ತು.

ಎರಡು, ಹೊಸದನ್ನು ಹುಡುಕಲು ವೇಳೆ ಬೇಕು, ತಪ್ಪು ಮಾಡುವ ಸ್ವಾತಂತ್ರ್ಯ ಬೇಕು. ತನ್ನ ತಪ್ಪಿನಿಂದಲೇ ಕ್ಷಾಮ ಬಂದಾಗ ಅಧಿಕಾರಕ್ಕೆ ಬೇಕಾದದ್ದು ತಪ್ಪು ಹೊರಿಸಲು ಒಬ್ಬ ಮನುಷ್ಯ.

ಮೂರು, ವಿಜ್ಞಾನಿಗೆ ಹೊರಗಿನ ಗೆಳೆಯರು ಬೇಕು. ದೇಶವಿದೇಶಗಳಿಗೆ ಕಾಗದ ಬರೆಯುವ, ಬೀಜ ಕಳಿಸುವ, ಪ್ರಶ್ನೆ ಕೇಳುವ ಆ ಗೆಳೆತನವೇ ಸಂಶಯದ ಕಣ್ಣಿಗೆ ದ್ರೋಹವಾಗಿ ಕಂಡಿತು.

ಇಲ್ಲಿ ಒಂದು ಎಚ್ಚರಿಕೆ. ಹಳಬರನ್ನು ಎದುರಿಸಿದವರೆಲ್ಲ ಸತ್ಯವಂತರು ಎಂದು ತಿಳಿಯಬೇಡಿ. ಲೈಸೆಂಕೊ ಕೂಡ ತಾನು ಹಳೆಯ ಪಂಡಿತರ ವಿರುದ್ಧ ನಿಂತ ರೈತನ ಮಗ ಎಂದೇ ಹೇಳಿಕೊಂಡಿದ್ದರು! ಹಾಗಾದರೆ ಗುರುತಿಸುವುದು ಹೇಗೆ? ಯಾರು "ಬನ್ನಿ, ನೀವೇ ಪರೀಕ್ಷಿಸಿ ನೋಡಿ" ಅಂತಾರೆ, ಯಾರು "ಪರೀಕ್ಷಿಸುವವನೇ ಶತ್ರು" ಅಂತಾರೆ, ಅದನ್ನು ಗಮನಿಸಿ.

ಬಿತ್ತಿದ್ದು ಉಳಿಯಿತು

ವವಿಲೋವ್‌ರ ಸಂಗ್ರಹದ ಬಹುಪಾಲು ಉಳಿಯಿತು. ಆ ಸಂಸ್ಥೆಗೆ ಇಂದು ಅವರದೇ ಹೆಸರು. ಬೀಜ ಕಾಯುವ ಆ ವಿಚಾರ ಈಗ ಜಗತ್ತಿನ ತುಂಬ ಹಬ್ಬಿದೆ. ತೆಲಂಗಾಣದ ನಮ್ಮ ಗೆಳೆಯರಿಗೆ ಪಟಾನ್‌ಚೆರು ಗೊತ್ತಿರಬಹುದು. ಹೈದರಾಬಾದಿನ ಹತ್ತಿರದ ಆ ಊರಿನಲ್ಲಿ 1972ರಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಸಂಸ್ಥೆಯ ಬೀಜ ಭಂಡಾರದಲ್ಲಿ ಜೋಳ, ಸಜ್ಜೆ, ಕಡಲೆ, ತೊಗರಿ, ಶೇಂಗಾ ತಳಿಗಳನ್ನು ತಣ್ಣನೆಯ ಕೋಣೆಗಳಲ್ಲಿ ಕಾಪಾಡಿದ್ದಾರೆ.

ನೀವೇ ಮಾಡಿ ನೋಡಿ

1. ಒಂದೇ ಜಾತಿಯ ಸಸಿಗಳು ಒಂದಕ್ಕೊಂದು ಪೈಪೋಟಿ ಮಾಡುವುದಿಲ್ಲ, ಗುಂಪಾಗಿ ನೆಟ್ಟರೂ ಚೆನ್ನಾಗಿ ಬೆಳೆಯುತ್ತವೆ ಎಂದು ಲೈಸೆಂಕೊ ಹೇಳಿದ್ದರು. ಒಂದೇ ಅಳತೆಯ ಎರಡು ಕುಂಡ, ಒಂದೇ ಮಣ್ಣು, ಒಂದೇ ಬಿಸಿಲು, ಒಂದೇ ಅಳತೆಯ ನೀರು. ಒಂದರಲ್ಲಿ 4 ಹೆಸರುಕಾಳು, ಇನ್ನೊಂದರಲ್ಲಿ 40 ಕಾಳು ಬಿತ್ತಿ. ವಾರಕ್ಕೊಮ್ಮೆ ಗಿಡದ ಎತ್ತರ, ಎಲೆ, ಕಾಂಡದ ದಪ್ಪ ಬರೆದಿಡಿ. ಆರು ವಾರದ ನಂತರ ಯಾರು ಹೇಳಿದ್ದು ಸರಿ ಎಂದು ಗಿಡವನ್ನೇ ಕೇಳಿ.

2. ನಿಮ್ಮ ಊರಿನಲ್ಲಿ ಹಳೆಯ ತಳಿಯ ಬೀಜ ಇಟ್ಟವರು ಯಾರಿದ್ದಾರೆ? 100 ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ನಾಲ್ಕೈದು ದಿನದಲ್ಲಿ ಎಷ್ಟಕ್ಕೆ ಮೊಳಕೆ ಬಂತು? ಅದೇ ಆ ಬೀಜದ ಶೇಕಡಾವಾರು. ಬೀಜದ ಹೆಸರು, ಕೊಟ್ಟವರು ಹೇಳಿದ ಅದರ ಗುಣ ಎಲ್ಲ ಬರೆದಿಡಿ.

ಕೊನೆಗೆ ಒಂದು ಮಾತು. ಅಧಿಕಾರ ಅಂದರೆ ಬರೀ ಅರಮನೆಯಲ್ಲಿ ಇರುವುದಲ್ಲ. ತರಗತಿಯಲ್ಲಿ ಒಬ್ಬಳು ಎದ್ದು ನಿಂತು "ಅದು ಹಾಗೆ ಯಾಕೆ ಸರ್?" ಅಂದಾಗ ಉಳಿದವರು ನಕ್ಕರೆ, ನಾವು ಮೇಷ್ಟ್ರುಗಳು "ಸುಮ್ಮನೆ ಕೂತ್ಕೋ" ಅಂದರೆ, ಆ ದಿನ ಅಲ್ಲೂ ಒಂದು ಬೀಜ ಹಾಳಾಗುತ್ತದೆ. ನಾವು ಹಾಗೆ ಅಂದರೆ ಮತ್ತೊಮ್ಮೆ ಕೇಳಿ. ನಿಮ್ಮ ಪಕ್ಕದವರು ಕೇಳಿದಾಗ ನಗಬೇಡಿ.